ಮಡ್ಡ್ಯಾಗ ಏನೈತಿ?



ನಮ್ಮ ಸತ್ತಿಯಲ್ಲಿ ಯಾರಾದರೂ ಊರು ಬಿಟ್ಟು ಮಡ್ಡಿಯ ಕಡೆ ಹೊರಟರೆ ಎದುರು ಬಂದವರು ಕೇಳುವ ಮಾತು ಒಂದೇ: “ಮಡ್ಡ್ಯಾಗ ಏನೈತ್ರಿ?” ಕೇಳಿದವರಿಗೆ ಉತ್ತರ ಬೇಕಾಗಿರುವುದಿಲ್ಲ. ಏನೂ ಇಲ್ಲ ಎಂಬುದು ಆ ಪ್ರಶ್ನೆಯೊಳಗೇ ಇರುತ್ತದೆ. ನಾನೂ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಹಾಗೆಯೇ ತಿಳಿದಿದ್ದೆ. ಹೊಳೆಯ ದಂಡೆಯ ಎರಿ ಹೊಲವೆಂದರೆ ಲಕ್ಷ್ಮಿ. ಮೇಲಿನ ಮಡ್ಡಿ ಎಂದರೆ ಕಲ್ಲು, ಗರಸು, ಮುಳ್ಳು. ಮಡ್ಡಿ ಗೊತ್ತಿರದ ತಂಗಿಯರಿಗೆ ಹೇಳುವುದಾದರೆ, ಎತ್ತರದಲ್ಲಿರುವ ತೆಳು ಮಣ್ಣಿನ ಒಣನೆಲಕ್ಕೆ ನಾವು ಮಡ್ಡಿ ಎನ್ನುತ್ತೇವೆ. ಮಳೆಗಾಲದಲ್ಲಿ ಒಂದಿಷ್ಟು ಹುಲ್ಲು, ಆಮೇಲೆ ಕುರಿಗಳ ಓಡಾಟ, ಅಷ್ಟೇ.

ಈ ಸಲದ ಪತ್ರ ಆ ಮಡ್ಡಿಯ ಬಗ್ಗೆ. ಅದು ಶುರುವಾದದ್ದು ಮಾತ್ರ ಇಂಗ್ಲೆಂಡಿನಿಂದ ಬಂದ ಒಂದು ಫೋಟೋದಿಂದ.

ನಮ್ಮ ಬಳಗದ ಹುಡುಗಿಯೊಬ್ಬಳು ಗಂಡನ ನೌಕರಿಗಾಗಿ ಆ ದೇಶದಲ್ಲಿದ್ದಾಳೆ. ರಜೆಯ ದಿನ ಎಲ್ಲಿಗೋ ತಿರುಗಾಡಲು ಹೋಗಿ ವಾಟ್ಸಾಪಿನಲ್ಲಿ ಚಿತ್ರ ಕಳಿಸಿದ್ದಳು. ಅರಮನೆ ಇಲ್ಲ, ತೋಟ ಇಲ್ಲ, ಜಲಪಾತವೂ ಇಲ್ಲ. ಒಂದು ಬೋಳು ಗುಡ್ಡ, ಮೊಳಕಾಲೆತ್ತರದ ಪೊದೆ, ನಡುವೆ ಬೆಳ್ಳಗೆ ಕಾಣುವ ಕಾಲುದಾರಿ. ನಾನು ನಕ್ಕು ಫೋನ್ ಮಾಡಿದೆ. “ಇದನ್ನ ನೋಡಾಕ ಅಷ್ಟು ದೂರ ಹೋದ್ಯೇನವಾ? ನಮ್ಮ ಮಡ್ಡಿಗೆ ಬಾ, ಚಹಾನೂ ಕೊಡತೀನಿ” ಎಂದೆ.

ಅವಳು ನಗಲಿಲ್ಲ. “ಚಿಗವ್ವಾ, ಇದು ಸುಮ್ನ ಗುಡ್ಡ ಅಲ್ಲ, ಕಾಯ್ದಿಟ್ಟ ನೆಲ” ಎಂದು ವಿವರಿಸತೊಡಗಿದಳು. ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಇಂಗ್ಲೆಂಡಿನ ದಕ್ಷಿಣಕ್ಕೆ ಸಸೆಕ್ಸ್ ಎಂಬ ಸೀಮೆಯಲ್ಲಿ ಲಲ್ಲಿಂಗ್ಟನ್ ಹೀತ್ ಎಂಬ ಜಾಗವಿದೆ. ಅಲ್ಲಿಯ ಗುಡ್ಡಗಳೆಲ್ಲ ಸೀಮೆಸುಣ್ಣದ ಕಲ್ಲಿನವು. ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದಲ್ಲಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪು ತಳದಲ್ಲಿ ಕೂತು ಕಲ್ಲಾದದ್ದು ಅದು. ಇಂಥ ಸುಣ್ಣದ ನೆಲದಲ್ಲಿ ಹೆದರ್ ಎಂಬ ನೇರಳೆ ಹೂವಿನ ಕುರುಚಲು ಗಿಡ ಬದುಕುವುದಿಲ್ಲ. ಅದಕ್ಕೆ ಸುಣ್ಣವೆಂದರೆ ಆಗದು. ಆದರೂ ಅಲ್ಲಿ ಅದು ಬೆಳೆದಿದೆ, ಸುಣ್ಣ ಬೇಡುವ ಗಿಡಗಳ ಪಕ್ಕದಲ್ಲೇ ಬೆಳೆದಿದೆ. ಕಾರಣವೇನೆಂದರೆ, ಬಹಳ ಹಿಂದೆ ಗಾಳಿ ಹೊತ್ತು ತಂದು ಹಾಸಿದ ಸುಣ್ಣವಿಲ್ಲದ ಮಣ್ಣು ಆ ಕಲ್ಲಿನ ಮೇಲೆ ತೆಳ್ಳಗೆ ಕೂತಿದೆ. ಹೆದರ್ ಗಿಡದ ಬೇರು ಆ ಮೇಲಿನ ಪದರಿನಲ್ಲಿ, ಉಳಿದವುಗಳ ಬೇರು ಕೆಳಗಿನ ಸುಣ್ಣದಲ್ಲಿ. ಅತ್ತೆ ಸೊಸೆ ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿಕೊಂಡು ಸುಖವಾಗಿದ್ದ ಹಾಗೆ!

“ಅಲ್ಲೆ ಒಮ್ಮೆ ನೇಗಿಲಾ ಹೊಡದ್ರ ಮುಗೀತು ಚಿಗವ್ವಾ. ಕೆಳಗಿನ ಸುಣ್ಣ ಮ್ಯಾಲ ಬಂದು ಕಲೀತದ. ಆಮ್ಯಾಗ ಏನು ಮಾಡಿದ್ರೂ ಆ ನೆಲ ತಿರುಗಿ ಬರೂದಿಲ್ಲ” ಎಂದಳು.

ಆ ಮಾತು ನನಗೆ ಚುರುಕ್ಕೆಂದು ತಾಗಿತು. ಯಾಕೆಂದರೆ ಅದೇ ವಾರ ನಮ್ಮ ಮನೆಯಲ್ಲಿ ಮಡ್ಡಿ ಒಡೆಯುವ ಮಾತು ಪಕ್ಕಾ ಆಗಿತ್ತು.

ನಮಗೆ ಹೊಳೆಯ ಕಡೆ ಎರಿ ಹೊಲವಿದೆ, ಮೇಲೆ ಮೂರೆಕರೆ ಮಡ್ಡಿ ಇದೆ. ಎರಿ ಹೊಲದಲ್ಲಿ ವರ್ಷಾನುಗಟ್ಟಲೆ ಕಬ್ಬು ಹಚ್ಚಿ, ನೀರು ಬಿಟ್ಟಿದ್ದೇ ಬಿಟ್ಟಿದ್ದು. ಈಗ ಅದರ ಒಂದು ಮೂಲೆ ಸವಳು ಹಿಡಿದಿದೆ. ಬೇಸಿಗೆಯಲ್ಲಿ ನೋಡಿದರೆ ನೆಲದ ಮೇಲೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತದೆ. ಕೃಷ್ಣೆಯ ದಂಡೆಯ ತಂಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕಡಿಮೆಯಾದ ಕಬ್ಬನ್ನು ಮಡ್ಡಿಯಲ್ಲಿ ಬೆಳೆಯೋಣ ಎಂಬುದು ಮೈದುನನ ಲೆಕ್ಕ. ಜೆಸಿಬಿ ಹಚ್ಚಿ ಕಲ್ಲು ಕೀಳಿಸುವುದು, ನೆಲ ಸಮ ಮಾಡುವುದು, ಹೊಳೆಯಿಂದ ಪೈಪು ಎಳೆಯುವುದು. ಖರ್ಚಿಗೆ ನನ್ನ ನಾಲ್ಕು ತೊಲೆ ಪಾಟ್ಲಿಗಳನ್ನು ಬ್ಯಾಂಕಿನಲ್ಲಿ ಇಡುವುದೆಂದು ಮಾತಾಗಿತ್ತು. ನಾನೂ “ಹೂಂ” ಅಂದಿದ್ದೆ. ಒತ್ತಾಯಕ್ಕೆ ಅಂದದ್ದಲ್ಲ, ಸಂತೋಷದಿಂದಲೇ ಅಂದದ್ದು. ಮಗಳ ಓದಿನ ಸಾಲ ಎದುರಿಗಿತ್ತು.

ಫೋನ್ ಇಟ್ಟ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಇಂಗ್ಲೆಂಡಿನವರು ಬೋಳು ಗುಡ್ಡ ಕಾಯುತ್ತಾರೆ, ನಮ್ಮಲ್ಲಿ ಅಂಥದ್ದು ಇದೆಯೇ ಎಂದು ಮಗನನ್ನು ಕೇಳಿದೆ. ಅವನು, “ಅವ್ವಾ, ದೂರ ಯಾಕ? ಯಡಹಳ್ಳಿ ಐತಲ್ಲ” ಎಂದ.

ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ ತಾಲೂಕುಗಳಲ್ಲಿ ಹರಡಿದ ಕುರುಚಲು ಗುಡ್ಡಗಳನ್ನು ಸರ್ಕಾರ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಎಂದು ಘೋಷಿಸಿದೆ. ಸುಮಾರು 96 ಚದರ ಕಿಲೋಮೀಟರ್ ಜಾಗ. ಚಿಂಕಾರವೆಂಬ ಸಣ್ಣ ಹುಲ್ಲೆಗಾಗಿಯೇ ನಮ್ಮ ರಾಜ್ಯದಲ್ಲಿ ಕಾಯ್ದಿಟ್ಟ ಮೊದಲ ನೆಲ ಅದು. ಆಮೇಲೆ 2019ರಲ್ಲಿ ತುಮಕೂರು ಜಿಲ್ಲೆಯ ಶಿರಾ ಕಡೆ ಬುಕ್ಕಾಪಟ್ಟಣದಲ್ಲಿ ಇನ್ನೊಂದಾಯಿತು. ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆದು ಮಗ ದಿನ ಗೊತ್ತು ಮಾಡಿದ. ಎಳ್ಳಮಾವಾಸ್ಯೆ ಮುಗಿದು ನಾಲ್ಕು ದಿನವಾಗಿತ್ತು. ನಾನು, ನಮ್ಮವರು, ಮಗ, ಓಣಿಯ ಇಬ್ಬರು ಗೆಳತಿಯರು ಹೊರಟೆವು. ಮೈದುನನನ್ನೂ ಕರೆದೆ. “ಮಡ್ಡಿ ನೋಡಾಕ ಡಿಜೆಲ್ ಸುಡೂದೇನ ವೈನೀ?” ಎಂದು ಅವನು ಬರಲಿಲ್ಲ.

ಇಂಥ ಕಡೆ ಹೋಗುವಾಗ ಬುತ್ತಿಯ ವಿಚಾರ ಮೊದಲು. ಅಲ್ಲಿ ಹೋಟೆಲಿಲ್ಲ, ನೆರಳೂ ಕಡಿಮೆ. ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಒಂದಿಷ್ಟು ಮಾದಲಿ ಕಟ್ಟಿಕೊಂಡೆ. ಗುರೆಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವ ತನಕ ಹುರಿಯಿರಿ. ಆರಿದ ಮೇಲೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಚೂರು ಹುಣಸೆ, ಚೂರು ಬೆಲ್ಲ ಹಾಕಿ ತರಿತರಿಯಾಗಿ ಕುಟ್ಟಿದರೆ ಹದಿನೈದು ದಿನ ಕೆಡುವುದಿಲ್ಲ. ನೀರು ಮಾತ್ರ ಒಬ್ಬೊಬ್ಬರಿಗೆ ಎರಡು ಬಾಟಲಿಯಾದರೂ ಇರಲಿ. ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಧೋತರದ ಅರಿವೆಯಲ್ಲಿ ಕಟ್ಟಿಕೊಂಡರೆ ಗಂಟೂ ಹಗುರ, ಕಸವೂ ಬೀಳುವುದಿಲ್ಲ.

ಕೃಷ್ಣೆ ದಾಟಿ ಜಮಖಂಡಿ, ಅಲ್ಲಿಂದ ಮುಧೋಳದ ಕಡೆ. ದಾರಿಯುದ್ದಕ್ಕೂ ಕಬ್ಬೇ ಕಬ್ಬು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಡಬ್ಬಿ ಎಳೆದುಕೊಂಡು ಸಾಲಾಗಿ ಹೊರಟಿದ್ದವು. ಈ ಸೀಮೆಯ ನೆಲದೊಳಗೂ ಸುಣ್ಣಕಲ್ಲಿದೆ. ಮುಧೋಳ, ಲೋಕಾಪುರ, ಬಾಗಲಕೋಟೆ ಕಡೆಯ ಸುಣ್ಣಕಲ್ಲಿನ ಪದರುಗಳನ್ನು ನಂಬಿಯೇ ಸಿಮೆಂಟ್ ಕಾರ್ಖಾನೆಗಳು ಬಂದಿವೆ. ಇಂಗ್ಲೆಂಡಿನ ಸೀಮೆಸುಣ್ಣಕ್ಕಿಂತ ಇದು ಎಷ್ಟೋ ಪಟ್ಟು ಹಳೆಯದು, ಗಟ್ಟಿಯೂ ಹೌದು. ಕಬ್ಬು ಮುಗಿದು ಗುಡ್ಡ ಶುರುವಾದ ಕೂಡಲೇ ಗಾಳಿಯೇ ಬೇರೆಯಾಯಿತು.

ನಮ್ಮ ಜೊತೆ ಅರಣ್ಯದ ಕಾವಲುಗಾರರೊಬ್ಬರು ಬಂದರು. ವಯಸ್ಸಾದವರು, ಮಾತು ಕಡಿಮೆ. ಅರ್ಧ ತಾಸು ನಡೆದರೂ ಏನೂ ಕಾಣಲಿಲ್ಲ. ನನ್ನ ಗೆಳತಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, “ನಮ್ಮೂರ ಮಡ್ಡಿನ ಇದು. ಇಲ್ಲೇನೈತಿ?” ಎಂದೇಬಿಟ್ಟಳು. ಕಾವಲುಗಾರರು ನಿಂತರು. “ತಂಗೀ, ನೀವು ಜಾತ್ರಿಗೆ ಬಂದಾಂಗ ಮಾತಾಡ್ಕೋತ ಬಂದೀರಿ. ಇಲ್ಲೆ ಒಂದು ಗಳಿಗಿ ಸುಮ್ನ ಕುಂದರ್ರಿ” ಎಂದರು.

ಕೂತೆವು. ಮೊದಲು ಕಂಡದ್ದು ನೆಲ. ಹೊಂಬಣ್ಣಕ್ಕೆ ತಿರುಗಿದ ಕರಡ. ತಂಗಡಿಯ ಹಳದಿ ಹೂವು. ಬಾರಿಯ ಪೊದೆ, ಬಂದರಿಕೆ, ಅಲ್ಲಲ್ಲಿ ಜಾಲಿ. ಆಮೇಲೆ ಕಿವಿ ತೆರೆಯಿತು. ಗೌಜಲ ಹಕ್ಕಿ ಎಲ್ಲೋ ಒಂದೇ ಸಮನೆ ಕೂಗುತ್ತಿತ್ತು. ನೆಲಗುಬ್ಬಿಯೊಂದು ಮುಗಿಲಿಗೆ ಏರಿ ಹಾಡುತ್ತ ಕಲ್ಲು ಬಿದ್ದ ಹಾಗೆ ಇಳಿಯಿತು. ಕಾವಲುಗಾರರು ಒಂದು ಜಾಗ ತೋರಿಸಿದರು. ಹಿಕ್ಕೆಗಳ ಗುಡ್ಡೆ. ಚಿಂಕಾರ ಕಂಡಕಂಡಲ್ಲಿ ಹಿಕ್ಕೆ ಹಾಕುವುದಿಲ್ಲ, ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ನನ್ನ ಗೆಳತಿ, “ನಮ್ಮ ಮನೀ ಗಂಡಸರ ಅಂಗಿ ಎಲ್ಲಿ ಬೇಕಾದಲ್ಲೆ ಬಿದ್ದಿರತಾವ, ಇದಾ ಶಾಣ್ಯಾ” ಎಂದಳು. ನಮ್ಮವರು ದೂರ ನೋಡಿದರು.

ಆಗ ಅದು ಕಂಡಿತು. ಒಂದು ಬಾರಿಯ ಪೊದೆಯ ಪಕ್ಕ, ಮಣ್ಣಿನದೇ ಬಣ್ಣ. ಕಾವಲುಗಾರರು ಬೆರಳು ತೋರಿಸದಿದ್ದರೆ ಎದುರಿಗಿದ್ದರೂ ಕಾಣುತ್ತಿರಲಿಲ್ಲ. ಒಂದು ದೊಡ್ಡ ಮೇಕೆಗಿಂತ ಎತ್ತರವಿಲ್ಲ, ಕಾಲುಗಳು ಕಡ್ಡಿಯ ಹಾಗೆ. ಇಪ್ಪತ್ತು ಕಿಲೋದ ಆಸುಪಾಸಿನ ಜೀವ. ಹೊಟ್ಟೆ ಬೆಳ್ಳಗೆ, ಬಾಲ ಕಪ್ಪು, ಅದನ್ನು ಚಟಕ್ ಚಟಕ್ ಎಂದು ಆಡಿಸುತ್ತಿತ್ತು. ತಲೆಯ ಮೇಲೆ ಎರಡು ಸಣ್ಣ ಕೋಡು. “ಗಂಡೇನ್ರಿ?” ಎಂದೆ ಪಿಸುದನಿಯಲ್ಲಿ. “ಹೆಣ್ಣು” ಎಂದರು. ಕೃಷ್ಣಮೃಗದ ಹೆಣ್ಣಿಗೆ ಸಾಮಾನ್ಯವಾಗಿ ಕೋಡಿರುವುದಿಲ್ಲ, ಚಿಂಕಾರದ ಹೆಣ್ಣಿಗೆ ಸಣ್ಣವಾದರೂ ಇರುತ್ತವೆ. ನೀರಿಲ್ಲದೆ ಎಷ್ಟೋ ದಿನ ಇರಬಲ್ಲದಂತೆ. ಎಲೆಯ ರಸ, ಹುಲ್ಲಿನ ಮೇಲಿನ ಇಬ್ಬನಿಯಲ್ಲೇ ನೀಗಿಸಿಕೊಳ್ಳುತ್ತದೆ. ನಮ್ಮ ಗಾಳಿ ತಗುಲಿತೋ ಏನೋ, ಮುಂಗಾಲು ನೆಲಕ್ಕೆ ಕುಟ್ಟಿ, ಸೀನಿದ ಹಾಗೆ ಒಂದು ಸದ್ದು ಮಾಡಿ, ನಾಲ್ಕು ಜಿಗಿತಕ್ಕೆ ಮಾಯವಾಯಿತು. ಒಟ್ಟು ನೋಡಿದ್ದು ಎರಡು ನಿಮಿಷವೂ ಇರಲಿಕ್ಕಿಲ್ಲ. ಆದರೆ ಅಲ್ಲಿ ಕೂತಿದ್ದ ಐವರಲ್ಲಿ ಯಾರೂ ಒಂದು ಗಳಿಗೆ ಮಾತಾಡಲಿಲ್ಲ.

ಈ ಗುಡ್ಡಗಳಲ್ಲಿ ತೋಳವಿದೆ, ಕತ್ತೆಕಿರುಬವಿದೆ, ನರಿ ಇದೆ. ಅವೆಲ್ಲ ಬದುಕಿರುವುದು ದಟ್ಟ ಕಾಡಿಲ್ಲದ ಇದೇ ನೆಲವನ್ನು ನಂಬಿ. ದೂರ ನೋಡಲು ಬಯಲು ಬೇಕು, ಓಡಲು ಬಯಲು ಬೇಕು. “ಇಲ್ಲೆ ಗಿಡಾ ಹಚ್ಚಿ ದಟ್ಟ ಅಡವಿ ಮಾಡಿದ್ರ ಚಲೋ ಅಲ್ಲೇನ್ರಿ?” ಎಂದು ನಾನೇ ಕೇಳಿದೆ. ಪರಿಸರ ದಿನಕ್ಕೆ ಸಸಿ ನೆಟ್ಟು ಫೋಟೋ ತೆಗೆಸಿಕೊಂಡವಳಲ್ಲವೇ ನಾನು! ಅವರು ತಲೆ ಅಲ್ಲಾಡಿಸಿದರು. ರಾಣೆಬೆನ್ನೂರಿನ ಕಥೆ ಹೇಳಿದರು. ಅಲ್ಲಿ ಕೃಷ್ಣಮೃಗಕ್ಕಾಗಿ 1974ರಲ್ಲಿ ಅಭಯಾರಣ್ಯವಾಯಿತು. ಆದರೆ ಆ ಬಯಲಿನ ಬಹುಪಾಲಿಗೆ ನೀಲಗಿರಿ ಗಿಡ ನೆಟ್ಟಿದ್ದರು. ಕೃಷ್ಣಮೃಗ ಹೇಗೋ ಉಳಿಯಿತು. ಬಯಲನ್ನೇ ನಂಬಿದ್ದ ಎರ್ಲಡ್ಡು ಹಕ್ಕಿ, ಆ ದೊಡ್ಡ ಕೊಕ್ಕರೆಯಂಥ ಭಾರದ ಹಕ್ಕಿ, ಅಲ್ಲಿಂದ ಇಲ್ಲವಾಯಿತು. ಹಸಿರು ಹಾಕಿದ್ದೆಲ್ಲ ಉಪಕಾರವಲ್ಲ ಎಂದು ನನಗೆ ಅವತ್ತು ತಿಳಿಯಿತು.

ಗುಡ್ಡದ ಕೆಳಗೆ ಬುತ್ತಿ ಬಿಚ್ಚಿದಾಗ ಕುರಿಗಾರರ ಒಂದು ತಂಡ ಹತ್ತಿರದ ಹೊಲದಲ್ಲಿ ಬೀಡುಬಿಟ್ಟಿತ್ತು. ಸಾಮಾನು ಹೊರುವ ಕುದುರೆ, ಬುಟ್ಟಿಯಲ್ಲಿ ಕೂತ ಕುರಿಮರಿ, ಮೂರು ಕಲ್ಲಿನ ಒಲೆ. ಆ ಹೆಣ್ಣುಮಗಳನ್ನು ಕರೆದು ಮಾದಲಿ ಕೊಟ್ಟೆವು. ತೋಳದ ಮಾತು ತೆಗೆದೆ. “ಬರತೈತ್ರಿ. ವರ್ಸಕ್ಕ ಒಂದೆರಡು ಮರಿ ಅದರ ಪಾಲು. ಬೈತೀವಿ, ಅಳತೀವಿ. ಆದ್ರ ತ್ವಾಳ ನಮ್ಮನ್ನ ಪೂರಾ ಹಾಳ ಮಾಡಿಲ್ರಿ ಅಕ್ಕಾರ. ಕಬ್ಬು ಮಾಡೈತಿ. ಮಡ್ಡಿ, ಗಾಯರಾಣ ಎಲ್ಲಾ ಹ್ವಾದ್ರ ಕುರಿ ಎಲ್ಲೆ ಮೇಯಬೇಕ?” ಎಂದಳು. ಕಾಯ್ದಿಟ್ಟ ನೆಲದಲ್ಲೂ ಅವಳಿಗೆ ಮನಬಂದಲ್ಲಿ ಮೇಯಿಸಲು ಬಿಡುವುದಿಲ್ಲ. ಆ ಕಷ್ಟವೂ ಅವಳ ಮಾತಿನಲ್ಲಿತ್ತು.

ಇಲ್ಲಿ ಇಂಗ್ಲೆಂಡಿನ ಆ ಗುಡ್ಡ ಮತ್ತೆ ನೆನಪಾಯಿತು. 1950ರ ದಶಕದ ನಡುವೆ ಅಲ್ಲಿಯ ಮೊಲಗಳಿಗೆ ರೋಗ ಬಂದು ರಾಶಿರಾಶಿ ಸತ್ತವಂತೆ. ಮೇಯುವ ಬಾಯಿ ಇಲ್ಲವಾದದ್ದೇ ತಡ, ಗೋರ್ಸ್ ಎಂಬ ಮುಳ್ಳುಪೊದೆ ಎದ್ದು ಹೂವಿನ ಗಿಡಗಳನ್ನು ಮುಚ್ಚಿಬಿಟ್ಟಿತು. ಕೊನೆಗೆ ಕಾಯುವವರೇ ಪೊದೆ ಕಡಿದು, ಕುರಿ, ಸಣ್ಣ ಕುದುರೆಗಳನ್ನು ಬಿಟ್ಟು ಮೇಯಿಸಬೇಕಾಯಿತು. ನಮ್ಮಲ್ಲಿ ಬಳ್ಳಾರಿ ಜಾಲಿ ಮಾಡುವುದೂ ಅದನ್ನೇ. ಮೇಯಿಸಿದ್ದು ಅತಿಯಾದರೆ ನೆಲ ಬೋಳು, ಮೇಯಿಸದೇ ಬಿಟ್ಟರೆ ಮುಳ್ಳು. ಅಳತೆ ಗೊತ್ತಿರುವ ಕೈ ಬೇಕು. ಸಾರಿಗೆ ಉಪ್ಪು ಹಾಕುವ ನಮಗೆ ಇದು ತಿಳಿಯದ ಮಾತೇ?

ಆ ಕುರಿಗಾರತಿ ಎದ್ದು ಹೋಗುವಾಗ ಮರಿಯೊಂದನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡಳು. ಅದನ್ನು ನೋಡಿದ್ದೇ ನನ್ನ ಎದೆಯೊಳಗೆ ಏನೋ ಹೊಯ್ದಾಡಿತು. ಅಂಥದ್ದೇ ಒಂದು ಎಳೆಗರುವನ್ನು ನಾನೂ ಒಮ್ಮೆ ಸೀರೆಯಲ್ಲಿ ಸುತ್ತಿ ಹೊತ್ತಿದ್ದೆ. 2019ರ ಆಗಸ್ಟ್ ತಿಂಗಳು. ಕೃಷ್ಣೆ ಉಕ್ಕಿ ಅಥಣಿ ತಾಲೂಕಿನ ದಂಡೆಯ ಊರುಗಳಿಗೆಲ್ಲ ನುಗ್ಗಿದ್ದಳು. 2005ರ ಹೊಳೆಯನ್ನು ಕಂಡವರೂ ಅಷ್ಟು ನೀರು ಎಣಿಸಿರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಎದೆಮಟ್ಟದ ನೀರು. ಜೋಳದ ಚೀಲ, ಮಗಳ ಪುಸ್ತಕ, ಅತ್ತೆಯವರ ಪೆಟ್ಟಿಗೆ, ಎಲ್ಲ ಹೋದವು. ಅವತ್ತು ರಾತ್ರಿ ಎಮ್ಮೆಗಳನ್ನು ಹೊಡೆದುಕೊಂಡು, ಹುಟ್ಟಿ ಮೂರು ದಿನವಾಗಿದ್ದ ಆ ಕರುವನ್ನು ಹೊತ್ತುಕೊಂಡು ನಾವು ಓಡಿದ್ದು ಎಲ್ಲಿಗೆ? ಮಡ್ಡಿಗೆ. ನಮ್ಮ ಅರ್ಧ ಓಣಿಯ ದನಗಳು ಎಂಟು ದಿನ ಅಲ್ಲೇ ನಿಂತವು. ಅದೇ ಕರಡ ತಿಂದವು. ನಾವು ತಾಡಪತ್ರಿಯ ಕೆಳಗೆ ಒಲೆ ಹೂಡಿದ್ದೂ ಅಲ್ಲಿಯ ಕಲ್ಲಿನ ಮೇಲೆಯೇ, ಉರಿಸಿದ್ದೂ ಅಲ್ಲಿಯ ಒಣ ಪುಳ್ಳೆಯನ್ನೇ.

ನೀರು ಇಳಿಯಿತು. ಮನೆ ತೊಳೆದೆವು. ಹೊಳೆಗೆ ಉಡಿ ತುಂಬಿದೆವು. ಎರಿ ಹೊಲಕ್ಕೆ ಪೂಜೆ ಮಾಡಿದೆವು. ಮಡ್ಡಿಯನ್ನು ಮಾತ್ರ ಮರೆತೆವು. ಅಲ್ಲಿ ಏನೈತಿ ಎಂದು ಮತ್ತೆ ಕೇಳತೊಡಗಿದೆವು. ಅದನ್ನು ಕೆತ್ತಿ ಹಾಕಲು ನನ್ನ ಪಾಟ್ಲಿ ಬಿಚ್ಚಿಕೊಡಲು ನಾನೇ ಮುಂದಾಗಿದ್ದೆ!

ಊರಿಗೆ ಬಂದ ಮರುದಿನ ಮಗನಿಂದ ಮಡ್ಡಿಯಲ್ಲಿ ಒಂದು ಗುಂಡಿ ತೋಡಿಸಿದೆ. ಮೇಲೆ ಒಂದು ಗೇಣು ಮಣ್ಣು. ಅದರ ಕೆಳಗೆ ಗರಸು, ಗರಸಿನ ನಡುವೆ ಬೆಳ್ಳನೆಯ ಸುಣ್ಣದ ಹರಳು. ಹಿಂದಿನವರು ಇಂಥ ಹರಳನ್ನೇ ಆರಿಸಿ, ಭಟ್ಟಿಯಲ್ಲಿ ಸುಟ್ಟು, ಗೋಡೆಗೆ ಸುಣ್ಣ ಮಾಡುತ್ತಿದ್ದರು. ಮಣ್ಣು ಪರೀಕ್ಷೆಗೂ ಕಳಿಸಿದೆವು. ಸುಣ್ಣದ ಅಂಶ ಜಾಸ್ತಿ ಎಂದು ಬಂತು. ಸಮ ಮಾಡುತ್ತೇವೆಂದು ಕೆಳಗಿನದನ್ನು ಮೇಲೆ ತಂದರೆ ಕಬ್ಬಿನ ಎಳೆ ಗರಿಗಳು ಬಿಳಿಚಿಕೊಳ್ಳುತ್ತವೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ ಎಂದು ತಿಳಿದವರು ಹೇಳಿದರು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣ ಹೆಚ್ಚಾದಲ್ಲಿ ಅದು ಬೇರಿಗೆ ದಕ್ಕುವುದಿಲ್ಲವಂತೆ. ಸಸೆಕ್ಸಿನ ಹೆದರ್ ಗಿಡ ಸುಣ್ಣಕ್ಕೆ ಹೆದರುವುದಕ್ಕೂ ಇದು ಒಂದು ಕಾರಣ.

ತಂಗಿಯರೇ, ನನಗಿದು ಥಟ್ಟನೆ ಅರ್ಥವಾಯಿತು. ರಕ್ತ ಕಡಿಮೆಯಾಗಿದೆ ಎಂದು ಹೋದಾಗ ಡಾಕ್ಟರಮ್ಮ ನನಗೂ ಹೇಳಿದ್ದು ಇದನ್ನೇ: “ಸೊಪ್ಪು ತಿಂದರೆ ಸಾಲದು, ಊಟದ ಜೊತೆಗೇ ಚಹಾ ಕುಡಿದರೆ ಅದರೊಳಗಿನ ಕಬ್ಬಿಣ ನಿಮ್ಮ ಮೈಗೆ ಹತ್ತುವುದಿಲ್ಲ.” ಇದ್ದರೂ ದಕ್ಕದಿರುವುದು ಮೈಗೂ ಉಂಟು, ನೆಲಕ್ಕೂ ಉಂಟು. (ಚಹಾ ಊಟವಾಗಿ ಒಂದು ತಾಸಿನ ಮೇಲೆ ಕುಡಿಯಿರಿ. ಊಟಕ್ಕೆ ಲಿಂಬೆಹುಳಿ ಹಿಂಡಿಕೊಳ್ಳಿ, ಅದು ಒಳ್ಳೆಯದು.)

ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಮಾತು ತೆಗೆದೆ. ಮೈದುನ ಕೇಳಿದ್ದು ತಪ್ಪಲ್ಲ. “ವೈನೀ, ಆ ಚಿಗರಿ ನೋಡಿ ಬಂದೀರಿ, ಖರೇ. ನಮ್ಮ ಮಡ್ಡ್ಯಾಗ ಚಿಗರಿ ಐತೇನು? ಸಾಲ ತೀರಸಾಕ ಹುಲ್ಲು ಮಾರೂದೇನು?” ನಮ್ಮ ಮೂರೆಕರೆಯಲ್ಲಿ ಚಿಂಕಾರವಿಲ್ಲ, ಸುಳ್ಳು ಹೇಳುವಂತಿಲ್ಲ. ನಾನಂದೆ: “ಚಿಗರಿ ಇಲ್ಲ. ಆದ್ರ 2019ರಾಗ ನಾವು ಇದ್ವಿ ಅಲ್ಲೆ. ನಮ್ಮ ಎಮ್ಮಿ ಇದ್ವು. ಮತ್ತ ಹೊಳೀ ಬಂದ್ರ ಕಬ್ಬಿನ ಗದ್ದಿಯೊಳಗ ದನಾ ಕಟ್ಟೂದೇನು? ಸವಳ ಹಿಡದ ಎರಿ ಹೊಲಕ್ಕ ಬಸಿಗಾಲುವಿ ತೆಗಸತೀನಂದ್ರ ಈ ಪಾಟ್ಲಿ ನಾಳೇನ ಕೊಡತೀನಿ. ಕೆಟ್ಟದ್ದನ್ನ ಮೊದಲ ನೆಟ್ಟಗ ಮಾಡೂಣು. ಇದ್ದದ್ದನ್ನ ಕೆಡಸಾಕ ಮಾತ್ರ ನಾ ಕೊಡೂದಿಲ್ಲ.”

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಹೊಲದ ವಿಚಾರದಲ್ಲಿ ನಾನು “ಇಲ್ಲ” ಎಂದದ್ದು ಅದೇ ಮೊದಲು. ನಮ್ಮವರು ಬಹಳ ಹೊತ್ತು ಅಡಿಕೆ ಕತ್ತರಿಸುತ್ತ ಕೂತರು. ಕೊನೆಗೆ, “ಪಾಟ್ಲಿ ಅಕೀವು. ಬಸಿಗಾಲುವಿ ಲೆಕ್ಕ ಹಾಕಿ ನೋಡೂಣು” ಎಂದರು. ಮೈದುನ ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟ. ಜೆಸಿಬಿಯವನಿಗೆ ಕೊಟ್ಟ ಮುಂಗಡ ತಿರುಗಿ ಬರಲಿಲ್ಲ. ಬಸಿಗಾಲುವೆಯಿಂದ ಸವಳು ಎಷ್ಟು ಹೋಗುತ್ತದೋ, ಮಗಳ ಸಾಲ ಯಾವಾಗ ತೀರುತ್ತದೋ, ಅದನ್ನು ಮುಂದಿನ ಸುಗ್ಗಿಗಳೇ ಹೇಳಬೇಕು. ಮಡ್ಡಿಯನ್ನು ಈ ವರ್ಷಕ್ಕಂತೂ ಯಾರೂ ಮುಟ್ಟಿಲ್ಲ. ಪ್ರತಿ ವರ್ಷ ಅಲ್ಲಿ ಕುರಿ ಮೇಯಿಸಲು ಬರುವವರಿಗೆ, ಎರಿ ಹೊಲದಲ್ಲಿ ನಾಲ್ಕು ರಾತ್ರಿ ಕುರಿ ತರುಬಿರಿ ಎಂದು ಕೇಳಿಕೊಂಡಿದ್ದೇವೆ. ಹುಲ್ಲಿಗೆ ಬದಲು ಗೊಬ್ಬರ ಸಿಗುತ್ತದೆ.

ದೊಡ್ಡವರು ಮಾಡುವ ನಕ್ಷೆಗಳಲ್ಲೂ ಇಂಥ ಕುರುಚಲು ನೆಲಕ್ಕೆ “ಬಂಜರು ಭೂಮಿ” ಎಂದೇ ಹೆಸರು. ದೇಶದ ಬಂಜರು ಭೂಮಿಯ ನಕ್ಷೆಯ ಪುಸ್ತಕ 2000ದಿಂದ ಕೆಲವು ಸಲ ಅಚ್ಚಾಗಿದೆ, 2019ರಲ್ಲೂ ಬಂದಿದೆ. ಹೆಸರು ಹಾಗಿಟ್ಟ ಮೇಲೆ ಯಾರು ಏನು ಮಾಡಿದರೂ ತಪ್ಪೆನ್ನಿಸುವುದಿಲ್ಲ. “ನೀವೇನು ಮಾಡ್ತೀರಿ?” ಎಂದು ಯಾರಾದರೂ ಕೇಳಿದರೆ “ಏನಿಲ್ರಿ, ಮನ್ಯಾಗ ಇರತೀನಿ” ಎನ್ನುವ ನಾವಾದರೂ ಆ “ಏನಿಲ್ಲ” ಎಂಬ ಮಾತನ್ನು ಅಷ್ಟು ಸುಲಭವಾಗಿ ನಂಬಬಾರದು, ಅಲ್ಲವೇ?

ನೀವೂ ಯಡಹಳ್ಳಿಯ ಕಡೆ ಹೋಗುವುದಾದರೆ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಂಡು ಹೋಗಿ. ಚಳಿಗಾಲದ ಬೆಳಗು ಒಳ್ಳೆಯದು. ಮಣ್ಣಿನ ಬಣ್ಣದ ಸೀರೆ ಉಡಿ, ಝಗಮಗ ಬೇಡ. ಗಟ್ಟಿ ಚಪ್ಪಲಿ ಇರಲಿ. ಸಾಕಿದ ನಾಯಿಯನ್ನು ಕರೆದೊಯ್ಯಬೇಡಿ, ನಾಯಿ ಎಂದರೆ ಚಿಂಕಾರಕ್ಕೆ ಜೀವಭಯ. ಒಣಹುಲ್ಲಿನ ಹತ್ತಿರ ಒಲೆ ಹೂಡಬೇಡಿ. ಹೋಗಿ, ಮಾತಾಡದೆ ಒಂದು ಗಳಿಗೆ ಕೂರಿ. ಪ್ರಾಣಿ ಕಾಣದಿದ್ದರೂ ಬೇಸರ ಬೇಡ. ತಿರುಗಿ ಬಂದ ಮೇಲೆ ನಿಮ್ಮೂರ ಮಡ್ಡಿಯನ್ನೊಮ್ಮೆ ನೋಡಿ.

ಎಳ್ಳಮಾವಾಸ್ಯೆಗೆ ನಾವು ಎರಿ ಹೊಲದ ಸುತ್ತ ಚರಗ ಚೆಲ್ಲಿ ಬರುತ್ತೇವೆ. ಬರುವ ವರ್ಷ ಒಂದು ಬುಟ್ಟಿ ಹೆಚ್ಚಿಗೆ ಮಾಡುವವಳಿದ್ದೇನೆ, ಮಡ್ಡಿಗೆಂದು. ಮೊನ್ನೆ ಮಾತು ಬಿಟ್ಟಿದ್ದ ಮೈದುನ ಒಲೆಯ ಹತ್ತಿರ ಬಂದು ನಿಂತು, “ವೈನೀ, ಆ ಬುಟ್ಟಿ ಯಾರು ಹೊರತಾರ?” ಎಂದು ಕೇಳಿದ. “ನೀನಾ ಹೊರಪಾ” ಎಂದೆ. ಇಲ್ಲವೆನ್ನಲಿಲ್ಲ. ಚಹಾ ಕೇಳಿದ. ಊಟವಾಗಿ ಇನ್ನೂ ಒಂದು ತಾಸಾಗಿರಲಿಲ್ಲ, ಆದರೂ ಅವತ್ತು ಮಾಡಿಕೊಟ್ಟೆ.